ಗೋದಲಿಯ ಕುರಿ ಮತ್ತು ನನ್ನ ಬಲಗೈ

ಮಂಗಳೂರಿನಲ್ಲಿ ಕುಳಿತು ಉಣ್ಣೆಯ ಕೆಲಸ ಕಲಿಯುವುದು ತಲೆ ನೆಟ್ಟಗಿರುವವರು ಮಾಡುವ ಕೆಲಸವಲ್ಲ. ಇಲ್ಲಿ ಸ್ವೆಟರ್ ಹಾಕಿಕೊಳ್ಳುವವರು ಊಟಿಗೆ ಪ್ರವಾಸ ಹೋಗುವ ಶಾಲೆಯ ಮಕ್ಕಳು ಮಾತ್ರ, ಅದೂ ಬಸ್ಸು ಘಾಟಿ ಹತ್ತಿದ ಮೇಲೆ. ಕುರಿ ಎಂದರೆ ನಮ್ಮ ಪಾಲಿಗೆ ನಂತೂರು ಸರ್ಕಲಿನಲ್ಲಿ ವಾಹನಗಳು ಸಿಕ್ಕಿಹಾಕಿಕೊಂಡಾಗ ಮುಂದಿನ ಲಾರಿಯಿಂದ ನಮ್ಮನ್ನೇ ದಿಟ್ಟಿಸುವ, ಘಟ್ಟದ ಮೇಲಿನ ಒಂದು ಪ್ರಾಣಿ. ಆದರೂ ಕಳೆದ ಅಕ್ಟೋಬರಿನಲ್ಲಿ, ಕಿವಿಯ ಹಿಂದಿನಿಂದ ಬೆವರು ಇಳಿಯುವ ಮಧ್ಯಾಹ್ನಗಳಲ್ಲಿ, ನಾವು ಹನ್ನೊಂದು ಮಂದಿ ಹೆಂಗಸರು ಚರ್ಚಿನ ಸಭಾಂಗಣದಲ್ಲಿ ಫ್ಯಾನ್ ಆರಿಸಿ ಕುಳಿತು ಉಣ್ಣೆಯನ್ನು ಸೂಜಿಯಿಂದ ಚುಚ್ಚಿದೆವು. ಫ್ಯಾನ್ ಹಾಕಿದರೆ ಉಣ್ಣೆ ಹಾರುತ್ತದೆಯಂತೆ. ಹೆಂಗಸರು ಕುಳಿತಲ್ಲೇ ಬೆಂದರೆ ಪರವಾಗಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಗುರಿಕಾರರು. ಚರ್ಚಿನ ಪ್ರತಿ ವಾರ್ಡಿಗೂ ಒಬ್ಬ ಮುಖಂಡರಿರುತ್ತಾರೆ, ಅವರೇ ಗುರಿಕಾರರು. ನಮ್ಮವರು ನಿವೃತ್ತ ಕಂಪೌಂಡರ್, ಪಕ್ಕದ ಮನೆಯವರು, ಎಪ್ಪತ್ತೈದು ದಾಟಿದರೂ ಸೋಲು ಒಪ್ಪದ ಜಾತಿ. ಕ್ರಿಸ್ಮಸ್ಸಿಗೆ ವಾರ್ಡುಗಳ ನಡುವೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವ ಸ್ಪರ್ಧೆ ನಡೆಯುತ್ತದೆ. ಪಕ್ಕದ ವಾರ್ಡಿನವರು ಬಾಲ ಯೇಸುವಿನ ಹಿಂದೆ ಮೋಟಾರು ಇಟ್ಟು ಜಲಪಾತ ಹರಿಸಿ ಮೂರು ವರ್ಷ ಸತತವಾಗಿ ಬಹುಮಾನ ಹೊಡೆದಿದ್ದರು. ನಮ್ಮ ಗೋದಲಿಯಲ್ಲಿ ಇದ್ದದ್ದು ರಟ್ಟಿಗೆ ಹತ್ತಿ ಅಂಟಿಸಿದ ಕುರಿಗಳು. ಹವೆಯ ಪಸೆಗೆ ಅಂಟು ಬಿಟ್ಟು, ಡಿಸೆಂಬರ್ ಮುಗಿಯುವಷ್ಟರಲ್ಲಿ ಅವು ಚರ್ಮರೋಗ ಬಂದ ನಾಯಿಗಳಂತೆ ಕಾಣುತ್ತಿದ್ದವು.

"ಬೆತ್ಲೆಹೇಮಲ್ಲಿ ಎಂತ ಹತ್ತಿಯ ಕುರಿ ಇತ್ತಾ?" ಎಂದು ಗುರಿಕಾರರು ವಾರ್ಡಿನ ಸಭೆಯಲ್ಲಿ ಕೇಳಿದರು. "ಈ ಸಲ ಒರಿಜಿನಲ್ ಉಣ್ಣೆಯ ಕುರಿ ಆಗ್ಬೇಕು."

ಸಭೆಯಲ್ಲಿ ಯಾರೂ ಬೆತ್ಲೆಹೇಮಿಗೆ ಹೋಗಿರಲಿಲ್ಲವಾದ್ದರಿಂದ ಎಲ್ಲರೂ ಒಪ್ಪಿದರು. ಉಣ್ಣೆ ಎಲ್ಲಿಂದಲೋ ಉತ್ತರದಿಂದ ಪಾರ್ಸೆಲಿನಲ್ಲಿ ಬಂತು. ಕಲಿಸಲು ಉಳ್ಳಾಲದಿಂದ ಒಬ್ಬರು ಬ್ಯಾರಿ ಮುಸ್ಲಿಂ ಹೆಂಗಸು, ಶಾಲೆಯಲ್ಲಿ ಕ್ರಾಫ್ಟ್ ಟೀಚರ್ ಆಗಿದ್ದವರು, ಹಂಪನಕಟ್ಟೆಯಲ್ಲಿ ಬಸ್ಸು ಬದಲಿಸಿ ಪ್ರತಿ ಶನಿವಾರ ಬರುವುದೆಂದಾಯಿತು. ಕಲಿಯುವವರ ಪಟ್ಟಿ ಬಂದಾಗ ಮೊದಲ ಹೆಸರು ನನ್ನದಿತ್ತು. ನಾನು ಕೈ ಎತ್ತಿರಲಿಲ್ಲ, ಆ ಸಭೆಗೂ ಹೋಗಿರಲಿಲ್ಲ.

"ನೀವು ನರ್ಸ್ ಅಲ್ವಾ ಬಾಯಿ? ಇದು ಸೂಜಿಯ ಕೆಲಸ. ನಿಮಗೆ ಕಲಿಸ್ಲಿಕ್ಕೆ ಎಂತ ಉಂಟು?" ಎಂದರು ಗುರಿಕಾರರು. ನಮ್ಮಲ್ಲಿ ಹೆಂಗಸರನ್ನು ಬಾಯಿ ಎಂದೇ ಕರೆಯುವುದು.

ಇಲ್ಲಿ ಒಂದು ಸಂಗತಿ ಹೇಳಿಬಿಡಬೇಕು. ಆಗ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಬಲಗೈ ನಡುಗುತ್ತದೆ. ಇಪ್ಪತ್ತೆರಡು ವರ್ಷ ಗಲ್ಫಿನ ಒಂದು ಆಸ್ಪತ್ರೆಯಲ್ಲಿ, ಅದರಲ್ಲೂ ಮಕ್ಕಳ ವಾರ್ಡಿನಲ್ಲಿ ದುಡಿದವಳು ನಾನು. ಕೂದಲೆಳೆಯಂಥ ನರ ಯಾರಿಗೂ ಸಿಗದಿದ್ದಾಗ ನನ್ನನ್ನು ಕರೆಯುತ್ತಿದ್ದರು, ನಾನು ಒಂದೇ ಚುಚ್ಚಿಗೆ ಮುಗಿಸಿ ಏನೂ ಆಗಿಲ್ಲವೆಂಬಂತೆ ಚಹಾಕ್ಕೆ ಹೋಗುತ್ತಿದ್ದೆ. ಆ ನಡಿಗೆಯಲ್ಲಿ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಕೈ ನಡುಗಲು ಶುರುವಾಯಿತು. ಒಂದು ದಿನ ಒಂದು ಹಸುಗೂಸಿಗೆ ಚುಚ್ಚುವಾಗ ಎರಡು ಸಲ ನರ ತಪ್ಪಿತು. ಮೂರನೇ ಸಲ ಸೂಜಿ ಎತ್ತುವ ಮೊದಲೇ ನಾನೇ ತರಬೇತಿ ಕೊಟ್ಟ ಹುಡುಗಿ ಮೆಲ್ಲಗೆ ನನ್ನ ಕೈಯಿಂದ ಟ್ರೇ ತೆಗೆದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ದೊಡ್ಡ ಕಾಯಿಲೆಯಲ್ಲ, ಮನೆತನದಲ್ಲಿ ಬರುವಂಥದ್ದು, ವಾಸಿಯಾಗುವುದಿಲ್ಲ, ಇದರಿಂದ ಸಾಯುವುದೂ ಇಲ್ಲ ಎಂದರು ಡಾಕ್ಟರು. ಈ ಕೊನೆಯ ಭಾಗವನ್ನು ಅವರು ಸಿಹಿ ಹಂಚುವವರ ಮುಖ ಮಾಡಿಕೊಂಡು ಹೇಳಿದರು. ಆಸ್ಪತ್ರೆಯವರು ಹೋಗಿ ಅನ್ನುವ ಮೊದಲೇ ನಾನು ರಾಜೀನಾಮೆ ಕೊಟ್ಟೆ. ಊರಿನಲ್ಲಿ, ದುಡಿದದ್ದು ಸಾಕು ಎಂದೆ. ನನಗೆ ನಾಚಿಕೆಯಾಗಿತ್ತು.

ಊರಿನಲ್ಲಿ ಎಂಬತ್ತೆರಡು ವರ್ಷದ ಅಮ್ಮ. ಅವಳಿಗೆ ಸಕ್ಕರೆ ಕಾಯಿಲೆ, ಪ್ರತಿದಿನ ಬೆಳಿಗ್ಗೆ ಇನ್ಸುಲಿನ್ ಚುಚ್ಚಬೇಕು. ನಾನು ಬಂದ ಮರುದಿನವೇ ಅವಳು ಬಾಟಲಿಯನ್ನೂ ಸಿರಿಂಜನ್ನೂ ಮೇಜಿನ ಮೇಲಿಟ್ಟು, ಮಗಳು ಬಂದಾಯಿತಲ್ಲ ಎಂಬ ಮುಖ ಮಾಡಿ ಕುಳಿತಳು. ನಾನು ಒಂದು ನಿಯಮ ಹುಟ್ಟಿಸಿದೆ.

"ನರ್ಸುಗಳು ಸ್ವಂತ ಮನೆಯವರಿಗೆ ಚುಚ್ಚಬಾರದು ಮಮ್ಮಿ. ಗಲ್ಫಲ್ಲಿ ರೂಲ್ ಉಂಟು."

"ಇದು ಗಲ್ಫಾ?" ಎಂದಳು ಅಮ್ಮ. ಅಂದಿನಿಂದ ಬೆಳಿಗ್ಗೆ ಏಳಕ್ಕೆ ಗುರಿಕಾರರು ಬಂದು ಚುಚ್ಚಿ, ಒಂದು ಲೋಟ ಚಹಾ ಕುಡಿದು, ಜಲಪಾತದವರನ್ನು ಬೈದು ಹೋಗುತ್ತಿದ್ದರು. ಹಿಂದಿನ ಕೋಣೆಯಲ್ಲಿ ನಾನು ಮಡಚಿಟ್ಟ ಬಟ್ಟೆಯನ್ನು ಮತ್ತೆ ಮಡಚುತ್ತಿದ್ದೆ.

ಕ್ಲಾಸಿಗೆ ಬರುತ್ತೇನೆ. ಮೊದಲ ಶನಿವಾರ ಟೀಚರ್ ನಮಗೆ ಹುಲ್ಲುಗಾವಲು ಮಾಡಿಸಿದರು. ಹಸಿರು ಬಣ್ಣದ ಉಣ್ಣೆಯನ್ನು ಎಳೆಎಳೆಯಾಗಿ ಹರಡಿ, ಈರುಳ್ಳಿ ಚೀಲದ ಬಲೆ ಮುಚ್ಚಿ, ಬಿಸಿನೀರು ಮತ್ತು ಸಾಬೂನು ಹಾಕಿ ಉಜ್ಜಬೇಕು. ಉಜ್ಜಿದಷ್ಟೂ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು, ಕುಗ್ಗಿ, ದಪ್ಪ ಬಟ್ಟೆಯಾಗುತ್ತದೆ. ಮನೆಯಲ್ಲಿ ಬಟ್ಟೆ ಒಗೆಯಲು ಕೆಲಸದವಳನ್ನು ಇಟ್ಟವರೆಲ್ಲ ಇಲ್ಲಿ ಬಂದು ಎರಡು ತಾಸು ತಿಕ್ಕಿದರು, ಮತ್ತು ಇದು ಮನಸ್ಸಿಗೆ ಎಷ್ಟು ಶಾಂತಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆ ದಿನ ನನಗೆ ಕಷ್ಟವಾಗಲಿಲ್ಲ. ತಿಕ್ಕುವ ಕೈ ನಡುಗಿದರೆ ಯಾರಿಗೆ ಗೊತ್ತಾಗುತ್ತದೆ?

ಎರಡನೇ ಶನಿವಾರ ಸೂಜಿ ಬಂತು. ಬೆರಳುದ್ದದ ಸೂಜಿ, ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುಗಳು. ಉಣ್ಣೆಯ ಉಂಡೆಯನ್ನು ಸ್ಪಂಜಿನ ಮೇಲಿಟ್ಟು ಚುಚ್ಚುತ್ತಾ ಹೋದರೆ ಅದು ಗಟ್ಟಿಯಾಗಿ ಆಕಾರಕ್ಕೆ ಬರುತ್ತದೆ. ನಾನು ಕುರಿಯ ಹಿಂಭಾಗವನ್ನು ಕೈಗೆತ್ತಿಕೊಂಡೆ. ಬ್ಯಾಗಿನಿಂದ ಹತ್ತಿ ತೆಗೆದೆ, ಸ್ಯಾನಿಟೈಸರ್ ಹಾಕಿದೆ, ಕುರಿಯ ಕುಂಡೆಯನ್ನು ಚೆನ್ನಾಗಿ ಒರೆಸಿದೆ. ಸೂಜಿಯನ್ನು ಓರೆ ಹಿಡಿದು ಮೆಲ್ಲಗೆ ಒಳಗೆ ಬಿಟ್ಟೆ. ಟಕ್ ಎಂದು ಮುರಿಯಿತು. ಇನ್ನೊಂದು ತೆಗೆದುಕೊಂಡೆ, ಮತ್ತೆ ಒರೆಸಿದೆ, ಮತ್ತೆ ಓರೆ. ಅದೂ ಹೋಯಿತು. ಮೂರನೆಯದಕ್ಕೆ ಟೀಚರ್ ಬಂದು ಪಕ್ಕದಲ್ಲಿ ನಿಂತರು.

"ಬಾಯಿ, ಅದಕ್ಕೆ ನರ ಇಲ್ಲ," ಎಂದರು.

ಇಡೀ ಸಭಾಂಗಣ ನಕ್ಕಿತು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

"ನೆಟ್ಟಗೆ ಹೋಗ್ಬೇಕು, ನೆಟ್ಟಗೆ ವಾಪಸ್ ಬರ್ಬೇಕು. ಮತ್ತೆ ಒಂದು ಸಲ ಚುಚ್ಚಿ ನೋಡ್ತಾ ಕೂತ್ರೆ ಆಗುದಿಲ್ಲ. ಚುಚ್ತಾ ಇರಿ."

ಜೀವಮಾನವಿಡೀ ಒಂದೇ ಚುಚ್ಚಿನ ಮರ್ಯಾದೆಯಲ್ಲಿ ಬದುಕಿದವಳಿಗೆ ಸಾವಿರ ಸಲ ಚುಚ್ಚು ಎಂದರೆ ಹೇಗಾಗಬೇಡ? ಸೂಜಿ ಎತ್ತಿದೆ. ಆ ಉದ್ದನೆಯ ಸೂಜಿಯ ತುದಿ ಗಾಳಿಯಲ್ಲಿ ತನ್ನಷ್ಟಕ್ಕೆ ಕುಣಿಯತೊಡಗಿತು. ಟೀಚರ್ ನೋಡಿದರು. ಶಾಲೆಯಲ್ಲಿ ಅರವತ್ತು ಮಕ್ಕಳಿಗೆ ಕೇಳುವಂತೆ ಮಾತಾಡಿ ರೂಢಿಯಾದ ಗಂಟಲು ಅವರದು.

"ನಿಮ್ಮ ಕೈ ನಡುಗ್ತದೆ ಅಲ್ವಾ? ಮೊಣಕೈ ಟೇಬಲಿಗೆ ಊರಿ. ಮೇಲೆ ಎತ್ತಿ ಹಿಡಿದ್ರೆ ಜಾಸ್ತಿ ನಡುಗ್ತದೆ."

ಹತ್ತು ತಲೆಗಳು ಈ ಕಡೆ ತಿರುಗಿದವು. "ಶುಗರ್ ಲೋ ಆಗಿದೆ," ಎಂದೆ. ಇಂಥ ಸುಳ್ಳನ್ನು ಮಂಗಳೂರಿನ ಹೆಂಗಸರ ನಡುವೆ ಹೇಳಬಾರದು. ಎರಡು ನಿಮಿಷದಲ್ಲಿ ನನ್ನ ಮುಂದೆ ಬಾಳೆಹಣ್ಣು, ಬಿಸ್ಕೀಟು, ಅರ್ಧ ಹಲ್ವ, ಯಾರದೋ ಮೊಮ್ಮಗನಿಗೆಂದು ತೆಗೆದಿಟ್ಟ ಚಾಕಲೇಟು ಎಲ್ಲ ರಾಶಿ ಬಿದ್ದವು. ಒಬ್ಬರು ಬೆನ್ನು ತಿಕ್ಕಿದರು. ಎಲ್ಲವನ್ನೂ ತಿನ್ನಬೇಕಾಯಿತು. ಅಷ್ಟರಲ್ಲಿ ಹೇಗೋ ಮೂರು ಕಾಲು ಮೂಡಿದ್ದ ಕುರಿಯನ್ನು ಅಲ್ಲೇ ಬಿಟ್ಟು, ಹೊಟ್ಟೆ ಹಿಡಿದುಕೊಂಡು ಮನೆಗೆ ಬಂದೆ. ಟೀಚರ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಅವರು ಸರಿಯಾದದ್ದನ್ನೇ ಹೇಳಿದ್ದರು, ಸಿಟ್ಟು ಬಂದದ್ದೇ ಅದಕ್ಕೆ.

ಮುಂದಿನ ಶನಿವಾರ ಅಮ್ಮನಿಗೆ, ಇವತ್ತು ಕ್ಲಾಸಿಲ್ಲ ಎಂದೆ.

"ಟೀಚರ್ ಈಗ ನಮ್ಮ ಗೇಟಿನ ಎದುರು ಹೋದ್ರಲ್ಲ?"

"ವಾಕಿಂಗ್ ಬಂದಿರ್ಬೇಕು."

"ಉಳ್ಳಾಲದಿಂದ?"

ಅಮ್ಮ ಜಪಸರ ಹಿಡಿದು ಕುಳಿತಳು, ಆದರೆ ಬಹಳ ಹೊತ್ತು ಒಂದೇ ಮಣಿಯಲ್ಲಿದ್ದಳು.

ಅದರ ಮುಂದಿನ ವಾರ ಹೋದೆ. ಒಳ್ಳೆಯ ಬುದ್ಧಿ ಬಂದು ಹೋದೆ ಎಂದು ಯಾರೂ ತಿಳಿಯಬೇಡಿ. ಬೆಳಿಗ್ಗೆ ಚಹಾ ಕುಡಿಯುವಾಗ ಗುರಿಕಾರರು, "ಒಂದು ಕುರಿಗೆ ಮೂರೇ ಕಾಲು ಉಂಟಂತೆ, ಅದನ್ನು ಗೋಡೆಯ ಹಿಂದೆ ನಿಲ್ಲಿಸುವ," ಎಂದಿದ್ದರು. ನನ್ನ ಪೇಶಂಟನ್ನು ಗೋಡೆಯ ಹಿಂದೆ ನಿಲ್ಲಿಸಲು ಇವರು ಯಾರು? ಹೋಗಿ ಕೊನೆಯ ಮೇಜಿನಲ್ಲಿ ಕುಳಿತೆ. ಸುತ್ತ ನೋಡಿ, ಯಾರೂ ಗಮನಿಸುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೊಣಕೈ ಊರಿದೆ. ಕೈ ಆಗಲೂ ನಡುಗಿತು, ಸ್ವಲ್ಪ ಕಡಿಮೆ. ಹತ್ತು ಸಲ ಚುಚ್ಚಿದರೆ ಎರಡು ಸಲ ಬೇರೆಲ್ಲೋ ಬೀಳುತ್ತಿತ್ತು. ಉಣ್ಣೆ ಅಳಲಿಲ್ಲ. ಕಾಲು ಸಿಕ್ಕಿತು, ಸಂಜೆಯಾಗುವಷ್ಟರಲ್ಲಿ ಗೊರಸೂ ಆಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಅದನ್ನು ಮುಚ್ಚಿಡಲು ಪಕ್ಕದವರ ಕುರಿಯ ಕಿವಿ ಸರಿಯಿಲ್ಲವೆಂದು ಟೀಕೆ ಮಾಡಿದೆ. ಡಿಸೆಂಬರಿನ ಹೊತ್ತಿಗೆ ನಾನೊಬ್ಬಳೇ ಒಂಬತ್ತು ಕುರಿ ಮಾಡಿದ್ದೆ. ಟೀಚರ್ ಒಂದೊಂದನ್ನೂ ಎತ್ತಿ, ಮಂಡಿ ಎಲ್ಲಿ ಮಡಚುತ್ತದೆ ನೋಡಿ, ಮೂರನ್ನು ಬಿಚ್ಚಿಸಿದರು. ಗೋದಲಿಯ ವಿಷಯದಲ್ಲಿ ನಮ್ಮ ಹನ್ನೊಂದು ಮಂದಿ ಕಥೋಲಿಕರಿಗಿಂತ ಅವರೇ ಕಟ್ಟುನಿಟ್ಟು.

ಬಹುಮಾನ ಮತ್ತೆ ಪಕ್ಕದ ವಾರ್ಡಿಗೇ ಹೋಯಿತು. ಈ ಸಲ ಅವರು ಜಲಪಾತದ ಜೊತೆಗೆ ಹೊಗೆಯನ್ನೂ ಬಿಟ್ಟಿದ್ದರು. ತೀರ್ಪುಗಾರರು ನಮ್ಮ ಗೋದಲಿಯ ಮುಂದೆ ಬಾಗಿ, "ಕುರಿಗಳು ಚೆನ್ನಾಗಿವೆ, ಯಾವ ಅಂಗಡಿಯದ್ದು?" ಎಂದು ಕೇಳಿ ಮುಂದೆ ಹೋದರು. ಹಿಂದಿನ ರಾತ್ರಿ ಬೆಕ್ಕೊಂದು ಎರಡು ಕುರಿಮರಿಗಳನ್ನು ಕಚ್ಚಿಕೊಂಡು ಹೋಗಿತ್ತು. ನಮ್ಮ ಕೆಲಸದ ಬೆಲೆ ಗೊತ್ತಾದದ್ದು ಅದಕ್ಕೊಂದಕ್ಕೇ.

ಹೊಸ ವರ್ಷ ಕಳೆದ ಮೇಲೆ ಗುರಿಕಾರರು ಕಣ್ಣಿನ ಪೊರೆ ತೆಗೆಸಲು ಹೋದರು. ಸ್ಪರ್ಧೆಗಾಗಿ ಅದನ್ನು ಮುಂದೂಡಿದ್ದರು. ಇನ್ನು ಹದಿನೈದು ದಿನ ಬರುವುದಿಲ್ಲ ಎಂದು ಹಿಂದಿನ ಸಂಜೆಯೇ ಹೇಳಿ ಕಳುಹಿಸಿದ್ದರು. ಬೆಳಿಗ್ಗೆ ಏಳಕ್ಕೆ ಹಿಂದಿನ ಕೋಣೆಯಲ್ಲಿ ನಾನು ಬಟ್ಟೆ ಮಡಚುತ್ತಿದ್ದೆ. ಕ್ಲಿನಿಕ್ಕಿಗೆ ಆಟೋದಲ್ಲಿ ಕರೆದುಕೊಂಡು ಹೋಗುವುದು, ಯಾರಾದರೂ ಹೋಮ್ ನರ್ಸನ್ನು ಕರೆಸುವುದು, ಹೀಗೆ ನಾಲ್ಕೈದು ಉಪಾಯ ತಯಾರಿಟ್ಟಿದ್ದೆ. ನರ್ಸಿನ ಮನೆಗೆ ಹೋಮ್ ನರ್ಸ್.

ಅಮ್ಮ ಕರೆದಳು. ಹೋದರೆ ಮಂಚದ ಅಂಚಿನಲ್ಲಿ ಕುಳಿತು, ರವಕೆಯ ಕೆಳಗೆ ಸೀರೆ ಸರಿಸಿ, ಹೊಟ್ಟೆ ಬಿಟ್ಟುಕೊಂಡು ಕಾಯುತ್ತಿದ್ದಳು. ಸಿರಿಂಜಿಗೆ ಔಷಧಿ ಎಳೆದಾಗಿತ್ತು. ಅಳತೆ ಸರಿಯಾಗಿತ್ತು.

"ಇದು ಯಾರು ಎಳೆದದ್ದು?"

"ನಾನೇ. ನೀನು ಬರುವ ಮೊದಲು ಚುಚ್ಚುತ್ತಾ ಇದ್ದದ್ದು ಯಾರು ಅಂತ ಮಾಡಿದ್ದಿ? ಹನ್ನೊಂದು ವರ್ಷ ನಾನೇ."

ನನಗೆ ಅರ್ಥವಾಗಲಿಲ್ಲ. ಮತ್ತೆ ಗುರಿಕಾರರು ಯಾಕೆ ಬರುತ್ತಿದ್ದರು ಎಂದು ಕೇಳಿದೆ.

"ಮಗಳು ನರ್ಸ್, ಮನೆಯಲ್ಲೇ ಇದ್ದಾಳೆ, ತಾಯಿ ಕೈಯಾರೆ ಚುಚ್ಚಿಕೊಳ್ತಾಳೆ ಅಂದ್ರೆ ಜನ ಎಂತ ಎಂತ ಹೇಳುದಿಲ್ಲ? ಹಾಗೆ ಅವರನ್ನು ಬರಲಿಕ್ಕೆ ಹೇಳಿದೆ. ನಿನ್ನ ಪಪ್ಪನ ಕೈ ಸಾಯುವ ತನಕ ನಡುಗ್ತಿತ್ತು, ಪುತಾ. ಅದು ನನಗೆ ಗೊತ್ತಾಗುದಿಲ್ವಾ? ನೀನು ಬಂದ ದಿನದಿಂದ, ನೀನು ತರುವ ಚಹಾ ಅರ್ಧ ಬಸಿಯಲ್ಲೇ ಚೆಲ್ಲಿರ್ತದೆ. ಕ್ಲಾಸಿಗೆ ಹೆಸರು ಕೊಟ್ಟದ್ದೂ ನಾನೇ."

ಐದಾರು ತಿಂಗಳಿಂದ ಯಾರಿಗೂ ತಿಳಿಯದ ಹಾಗೆ ನಾನು ಕಾದುಕೊಂಡಿದ್ದ ಗುಟ್ಟನ್ನು ಅಮ್ಮನೂ ಗುರಿಕಾರರೂ ನನಗೆ ತಿಳಿಯದ ಹಾಗೆ ಕಾದುಕೊಂಡಿದ್ದರು. ಅಳು ಬಂತು. ಅದರ ಬೆನ್ನಿಗೇ, ಹನ್ನೊಂದು ವರ್ಷ ಒಬ್ಬಳೇ ಚುಚ್ಚಿಕೊಂಡಳಲ್ಲ, ನಾನು ಊರವರ ಮಕ್ಕಳಿಗೆ ಚುಚ್ಚುತ್ತಾ ಕುಳಿತಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

"ಹಾಗಾದ್ರೆ ನೀನೇ ಚುಚ್ಚಿಕೋ ಮಮ್ಮಿ. ನಿನಗೆ ಬರ್ತದಲ್ಲ."

"ಬರ್ತದೆ," ಎಂದಳು. ಸಿರಿಂಜನ್ನು ನನ್ನ ಕಡೆಗೇ ಚಾಚಿದಳು.

ಕೈ ತೊಳೆದು ಬಂದು ನೆಲದ ಮೇಲೆ ಕುಳಿತೆ. ಮೊಣಕೈಯನ್ನು ಅವಳ ತೊಡೆಗೆ ಊರಿದೆ. ಕೈ ನಡುಗಿತು, ಚೆನ್ನಾಗಿಯೇ ನಡುಗಿತು. ಸೂಜಿ ಎಣಿಸಿದ ಜಾಗದಿಂದ ಒಂದು ಬೆರಳು ಆಚೆ ಇಳಿಯಿತು. ಅಮ್ಮ ಒಮ್ಮೆ ಉಸಿರು ಎಳೆದುಕೊಂಡಳು. ಔಷಧಿ ಪೂರ್ತಿ ಹೋಯಿತು. ಸೂಜಿ ತೆಗೆದು, ಹತ್ತಿ ಒತ್ತಿ ಹಿಡಿದು, ಅವಳ ಮುಖ ನೋಡಲಾಗದೆ ಹಾಗೇ ಕುಳಿತೆ.

"ನೋವಾಯ್ತು," ಎಂದಳು ಅಮ್ಮ, ಸೀರೆ ಸರಿಮಾಡಿಕೊಳ್ಳುತ್ತಾ. "ನಾಳೆ ಎಡಗಡೆಗೆ ಹಾಕು."