ಗೋಡೆಗೆ ಅಂಗೈ

ಕಟ್ಟೆಮಳಲವಾಡಿಯ ನಮ್ಮ ಮನೆಯಲ್ಲಿ ಹೊಗೆಸೊಪ್ಪು ಬೇಯಿಸುವುದನ್ನು ನಿಲ್ಲಿಸಿದ ವರ್ಷ ಅಪ್ಪ, ಸೊಪ್ಪು ಹದ ಮಾಡುವ ಗೂಡಾದ ಬ್ಯಾರನ್ನಿನ, ಬಿಸಿ ಹೊಗೆ ಹಾಯುವ ತಗಡಿನ ಕೊಳವೆಗಳನ್ನು ಗುಜರಿಗೆ ಹಾಕಲಿಲ್ಲ. ಅವನ್ನು ಬಚ್ಚಲೊಲೆಯಿಂದ ತಮ್ಮ ಕೋಣೆಯ ಗೋಡೆಯೊಳಗೆ ಹಾಯಿಸಿ, ಹೊಗೆಯನ್ನು ಆಚೆ ಬಿಟ್ಟರು. ನೀರೂ ಕಾಯುತ್ತಿತ್ತು, ಕೋಣೆಯೂ ಬೆಚ್ಚಗಾಗುತ್ತಿತ್ತು. ಬ್ಯಾರನ್ನಿನ ಶಾಖವನ್ನು ಗೋಡೆಗೆ ಅಂಗೈಯಿಟ್ಟೇ ಹೇಳುತ್ತಿದ್ದವರು ಇಲ್ಲೂ ದಿನಾ ಬೆಳಗ್ಗೆ ಗೋಡೆ ಮುಟ್ಟಿ, "ಇನ್ನೊಂದು ಸೌದೆ ಸಾಕು" ಎನ್ನುತ್ತಿದ್ದರು.

ನಾನೋ, ಗ್ಯಾಸ್ ಸಿಲಿಂಡರನ್ನು ಮೂರು ಸಲ ಮುಟ್ಟಿ ನೋಡಿ ಮನೆ ಬಿಡುವ ಆಸಾಮಿ. ಕೊಳವೆ ಬಿರುಕು ಬಿಟ್ಟು ಹೊಗೆ ಕೋಣೆ ತುಂಬಿದರೆ? ಹುಣಸೂರಿಗೆ ಹೋಗಿ, ಚಳಿಗೆ ಬಿಸಿ, ಬೇಸಿಗೆಗೆ ತಂಪು ಎರಡೂ ಕೊಡುವ ಏಸಿ ತಂದೆ. ಆಚೆಯ ಗಾಳಿಯಿಂದಲೇ ಶಾಖ ಎಳೆದು ತರುತ್ತದಂತೆ ಎಂದೆ.

"ಆಚೆ ಚಳಿ ಇರುವಾಗ ಎಲ್ಲಿಂದ ತತ್ತದ್ಲಾ ಶಾಖವ?"

ನನಗೂ ಗೊತ್ತಿರಲಿಲ್ಲ. ಹಾಗಾಗಿ ರೇಗಿದೆ.

"ಒಲೇನೂ ಇರ್ಲಿ ಬುಡ್ಲಾ," ಎಂದರು. "ಬೆಳಗ್ಗೆ ಇದು, ಬ್ಯಾಸ್ಗೇಲಿ ತಂಪಿಗೆ ಅದು. ಎರಡೂ ಇದ್ರೆ ಏನ್ ಜಗಳ ಆಡ್ತವಾ?"

ನಾನು ಕೇಳಲಿಲ್ಲ. ಕೊಳವೆ ಕೀಳಿಸಿ ಗುಜರಿಗೆ ಹಾಕಿ, ಗೋಡೆಗೆ ಗಾರೆ ಮೆತ್ತಿಸಿದೆ. ಮಿಷಿನ್ ಹಾಕಿದ ದಿನ ಅಪ್ಪ ಅಭ್ಯಾಸಬಲದಿಂದ ಗೋಡೆಗೆ ಕೈಯಿಟ್ಟರು.

"ಕೈ ಯಾಕಪ್ಪ? ಅದ್ರಲ್ಲೇ ನಂಬರ್ ಬತ್ತದೆ, ನೋಡ್ಕೊ," ಎಂದೆ.

ಅಪ್ಪ ಕೈಯನ್ನು ಮಡಿಲಿಗೆ ಎಳೆದುಕೊಂಡರು.

ಮಿಷಿನ್ ಚೆನ್ನಾಗಿಯೇ ಇತ್ತು. ಪುಷ್ಯದ ಚಳಿ ಕೂತ ಮೇಲೆ, ಬೆಳಗಿನ ಜಾವ ವೋಲ್ಟೇಜ್ ಇಳಿದಾಗಲೆಲ್ಲ ನಿಂತುಹೋಗುತ್ತಿತ್ತು, ಅಷ್ಟೆ. ಲೋಕದ ಅನಾಹುತಗಳನ್ನೆಲ್ಲ ಮೊದಲೇ ಊಹಿಸುವ ನನಗೆ ಇದೊಂದು ಹೊಳೆದಿರಲಿಲ್ಲ. ಒಂದು ಬೆಳಗ್ಗೆ ನೋಡುತ್ತೇನೆ, ಅಪ್ಪ ಕಂಬಳಿ ಹೊದ್ದು ಬಚ್ಚಲೊಲೆಯ ಮುಂದೆ ಬಕೆಟ್ ಬೋರಲು ಹಾಕಿ ಕೂತು, ಹೊಗೆಗೆ ಕೆಮ್ಮುತ್ತಿದ್ದಾರೆ.

"ಇಲ್ಲೇ ಬೆಚ್ಚಗದೆ. ನೀನೋಗು."

ಯಾವ ಹೊಗೆಗೆ ಹೆದರಿ ಕೊಳವೆ ಕಿತ್ತೆನೋ, ಅದೇ ಹೊಗೆಯ ಮುಂದೆ ಅವರನ್ನು ಕೂರಿಸಿದ್ದೆ.

ಪಿರಿಯಾಪಟ್ಟಣದಿಂದ ಬೇರೆ ಕೊಳವೆ ತಂದು ಮತ್ತೆ ಹಾಕಿಸಿದೆ. ಈಗ ಬೆಳಗ್ಗೆ ಒಲೆ, ಬೇಸಿಗೆ ಮಧ್ಯಾಹ್ನ ಮಿಷಿನ್. ಅಪ್ಪ ಹೇಳಿದ್ದ ಹಾಗೆಯೇ. ಒಲೆ ಹೊತ್ತಿಸಿದ ಮೊದಲ ಬೆಳಗ್ಗೆ ಕೋಣೆಯಲ್ಲಿ ಅವರ ಪಕ್ಕ ಕೂತು ಕೇಳಿದೆ, "ಅಪ್ಪ, ಮುಟ್ಟಿ ನೋಡಿ ಹೇಳು. ಸಾಕಾ, ಇನ್ನೊಂದು ಸೌದೆ ಹಾಕ್ಲಾ?"

ಅಪ್ಪ ಕಂಬಳಿಯಿಂದ ಕೈ ತೆಗೆಯಲಿಲ್ಲ.

"ನಂಬರ್ ನೋಡ್ಕೊ ಕಣ್ಲಾ," ಎಂದರು. ಕೋಪವೇನೂ ಇರಲಿಲ್ಲ.

ಕರೆಂಟ್ ಇರಲಿಲ್ಲ, ಮಿಷಿನ್ನಿನಲ್ಲಿ ನಂಬರೂ ಇರಲಿಲ್ಲ. ನಾನೇ ಗೋಡೆಗೆ ಅಂಗೈಯಿಟ್ಟೆ. ಬಿಸಿ ಇದೆ ಎಂದಷ್ಟೇ ತಿಳಿಯಿತು. ಸಾಕೋ, ಇನ್ನೂ ಬೇಕೋ ತಿಳಿಯಲಿಲ್ಲ.