ಹಾಲು ಬೇಡ, ಮುದ್ದೆ ಕೊಡಿ

ಮಧುರೆ ಹೋಬಳಿಯ ಹಳ್ಳಿಯೊಂದಕ್ಕೆ ನರ್ಸಾಗಿ ಬಂದ ಮೊದಲ ವಾರ. ಬಸುರಿ ಹೆಂಗಸನ್ನು ನೋಡಲು ಒಂದು ಮನೆಗೆ ಹೋದರೆ, ಆ ಮನೆಯ ಯಜಮಾನ ನನ್ನ ಕೊರಳನ್ನು ಒಮ್ಮೆ ನೋಡಿದವನೇ ಎದ್ದು ಹೊರಗೆ ಓಡಿದ. ನಾನೇನು ತಪ್ಪು ಮಾಡಿದೆನೋ ಎಂದು ಗಾಬರಿಯಾಯಿತು. ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತ ಬಂದವನ ಕೈಯಲ್ಲಿ ಫಳಫಳ ಬೆಳಗಿದ ಹಿತ್ತಾಳೆ ಲೋಟ. ಲೋಟದ ತುಂಬ ಹಾಲು, ತಳದಲ್ಲಿ ಕರಗದೆ ಕೂತ ಸಕ್ಕರೆ, ಜೊತೆಗೆ ಒಂದು ಬಾಳೆಹಣ್ಣು. ಕೊರಳಲ್ಲಿ ಲಿಂಗವಿರುವ ಹೆಂಗಸು ಕೋಳಿ ಬೇಯುವ ಮನೆಯಲ್ಲಿ ಬೇಯಿಸಿದ್ದನ್ನು ಮುಟ್ಟುವುದಿಲ್ಲ ಎಂದು ಅವನೇ ತೀರ್ಮಾನಿಸಿ, ಹಾಲಿರುವ ಮನೆ ಹುಡುಕಿಕೊಂಡು ಹೋಗಿದ್ದ.

ನಮ್ಮ ಗದಗಿನ ಕಡೆ ಇಂಥದ್ದು ಇಲ್ಲವೆಂದು ಹೇಳಲಾರೆ. ಆದರೆ ಅಲ್ಲಿ ನಾನು ಬಂದವರಿಗೆ ಲೋಟ ಬೇರೆ ಇಡುವ ಮನೆಯವಳು. ಹೀಗೆ ಬೇರೆ ಲೋಟ ಹಿಡಿದು ಕೂತು, ಎದುರಿಗಿರುವವರೆಲ್ಲ ನನ್ನ ಗಂಟಲನ್ನೇ ನೋಡುವಂತೆ ಕುಡಿದವಳಲ್ಲ. ಕುಡಿದು ಮುಗಿಸಿದ ಮೇಲೆ ಮನೆಯವರ ಮುಖದಲ್ಲಿ ಕಂಡ ನಿರಾಳ ಮಾತ್ರ ನನಗೆ ಬಹಳ ಹಿಡಿಸಿತು.

ಗಂಡ ತೀರಿಕೊಂಡ ಮೇಲೆ ತರಬೇತಿ ಪಡೆದು ಸೇರಿದ ಕೆಲಸ ಇದು. ಅಷ್ಟು ದೂರ ಮೈಸೂರು ಸೀಮೆಗೆ ಹೋಗಬೇಡವೆಂದು ಅಣ್ಣ ಹೇಳಿದ್ದ. ಹೋಗದಿದ್ದರೆ ಅವನ ಮನೆಯ ಒಲೆಯ ಮುಂದೆ ತಲೆ ತಗ್ಗಿಸಿಕೊಂಡು ಮುದುಕಿಯಾಗಬೇಕಿತ್ತು. ಅದಕ್ಕಿಂತ ಗುಂತಕಲ್ಲಿನಲ್ಲಿ ರೈಲು ಬದಲಿಸುವುದೇ ಸುಲಭವೆನಿಸಿತು. ಮುಂಜಾವದ ಮಂಜಿನಲ್ಲಿ ಮಾಕಳಿದುರ್ಗದ ಬೆಟ್ಟ ಕಿಟಕಿಗೆ ಬಂದಾಗ ಸಣ್ಣಗೆ ಅತ್ತೆ, ಖುಷಿಗೋ ಭಯಕ್ಕೋ ಈಗಲೂ ಗೊತ್ತಿಲ್ಲ.

ಮನೆ ಸಿಕ್ಕಿದ್ದು ಪಿಳ್ಳಮ್ಮ ಎಂಬ ಹೆಂಗಸಿನ ಹಟ್ಟಿಯ ಪಕ್ಕದ ಒಂದು ಕೋಣೆ. ಆಕೆಗೆ ನನ್ನ ಅವ್ವನ ವಯಸ್ಸು, ಊರಿಗೆಲ್ಲ ಕೇಳುವ ದನಿ. ನಾನು "ಹೌದ್ರಿ" ಎಂದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. "ನಮ್ ನರ್ಸಮ್ಮ ಮಾತಾಡಿದ್ರೆ ರೇಡಿಯೋ ಕೇಳ್ದಂಗೆ ಐತೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಅವಳ ಮಾತು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವಳಿಗೆ ಅರ್ಧ. ಉಳಿದರ್ಧಕ್ಕೆ ಇಬ್ಬರೂ ತಲೆಯಾಡಿಸುತ್ತಿದ್ದೆವು.

ಊಟದ್ದೇ ಕಷ್ಟ. ಇಲ್ಲಿ ಜೋಳವೆಂದರೆ ದನದ ಮೇವಿಗೆ ಎರಚುವ ಬೀಜ. ನಮ್ಮ ಬಿಳಿಜೋಳದ ರೊಟ್ಟಿಯ ಸಪ್ಪಳವೇ ಈ ಊರಿಗೆ ಗೊತ್ತಿಲ್ಲ. ಬೆಳಗಾದರೆ ರಾಗಿ ಅಂಬಲಿ, ಹೊತ್ತು ಮುಳುಗಿದರೆ ರಾಗಿ ಮುದ್ದೆ. ನನಗೆ ಮುದ್ದೆ ಮಾಡಲು ಬರುತ್ತಿರಲಿಲ್ಲ, ಪಿಳ್ಳಮ್ಮ ಮಾಡಿಕೊಡುತ್ತಿರಲಿಲ್ಲ. ಆಗ ರೇಷನ್ನಿನಲ್ಲಿ ಕೊಡುತ್ತಿದ್ದ ಕೆಂಪು ಗೋಧಿಯನ್ನು ಬೀಸಿಸಿಕೊಂಡು ಮೂರು ಹೊತ್ತೂ ಚಪಾತಿ ಬಡಿದೆ. ಹೊರಗೆ ಹೋದಲ್ಲೆಲ್ಲ ಹಾಲು, ಸಕ್ಕರೆ. ವರ್ಷ ತುಂಬುವುದರೊಳಗೆ ಹೊಟ್ಟೆ ಕೆಟ್ಟು ಕೂತಿತು. ತಿಂದದ್ದು ನಿಲ್ಲುತ್ತಿರಲಿಲ್ಲ, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು, ದಾರಿಯಲ್ಲಿ ನಡೆಯುತ್ತ ಮರ ಹಿಡಿದು ನಿಲ್ಲುವಂತಾಯಿತು. ಹೀಗೇ ಆದರೆ ಕೆಲಸಕ್ಕೆ ಲಾಯಕ್ಕಿಲ್ಲವೆಂದು ಮನೆಗೆ ಕಳಿಸುತ್ತಾರೆ ಎಂದು ಮೇಲಿನವರು ಸೂಕ್ಷ್ಮವಾಗಿ ಹೇಳಿಯೂ ಬಿಟ್ಟರು.

ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ವಯಸ್ಸಾದ ಡಾಕ್ಟರು ತಾಳ್ಮೆಯವರು. "ಗೋಧಿ ಬಿಡಮ್ಮ, ಹಾಲು ಮೊಸರು ಬಿಡು, ಸಕ್ಕರೆ ಬಿಡು. ಬೆಲ್ಲವೂ ಬೇಡ. ಹೊಲದಿಂದ ಬಂದದ್ದನ್ನ ಬಂದ ಹಾಗೇ ಬೇಯಿಸಿ ತಿನ್ನು. ರಾಗಿ, ಕಾಳು, ಸೊಪ್ಪು" ಎಂದರು. ಮುದ್ದೆಯ ಊರಿಗೆ ಬಂದು ಚಪಾತಿ ತಿಂದು ಸಾಯುತ್ತಿದ್ದೀಯಲ್ಲ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಬಿಡುವುದು ಎಂದರೆ ಬಾಯಿಯ ಮಾತೇ? ಯುಗಾದಿಯ ದಿನ ಪಕ್ಕದ ಮನೆಯಿಂದ ಹೋಳಿಗೆಯ ವಾಸನೆ ಬಂದಾಗ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ. ಮೊಸರಿಲ್ಲದ ಊಟ ನಮ್ಮ ಕಡೆಯವರಿಗೆ ಊಟವೇ ಅಲ್ಲ. ಆದರೆ ನಾಲಿಗೆಯನ್ನು ಹೇಗೋ ಕಟ್ಟಬಹುದು. ಲೋಟ ಹಿಡಿದು ನಿಂತವರಿಗೆ ಏನು ಹೇಳುವುದು?

"ಬೇಡ" ಎಂದೆ, ಅಷ್ಟೇ. ಒಂದು ಮನೆಯಲ್ಲಿ ಬೇಡವೆಂದೆ, ಮತ್ತೊಂದರಲ್ಲಿ ಬೇಡವೆಂದೆ. ಕಾಯಿಲೆಯ ಮಾತು ಆಡಿದರೆ ಕಾಯಿಲೆಯ ನರ್ಸಿನ ಕೈಗೆ ಬಾಣಂತಿಯನ್ನು ಯಾರು ಕೊಡುತ್ತಾರೆಂಬ ಭಯ. ಊರಿನಲ್ಲಿ ಬೇರೆಯೇ ಮಾತು ಹಬ್ಬಿತು. ಮೊದಲಾದರೆ ಬೇಯಿಸಿದ್ದನ್ನಷ್ಟೇ ಮುಟ್ಟುತ್ತಿರಲಿಲ್ಲ, ಈಗ ನಮ್ಮ ಹಾಲೂ ಮೈಲಿಗೆಯಾಯಿತೇ ನರ್ಸಮ್ಮನಿಗೆ? ಹಾಲಿಗೆ ಮೈಲಿಗೆಯಿಲ್ಲ ಎಂಬುದು ಇಲ್ಲಿಯವರ ಗಟ್ಟಿ ನಂಬಿಕೆ. ಅದನ್ನೂ ಬೇಡವೆನ್ನುವುದು ಮನೆಯವರ ಮುಖಕ್ಕೆ ಹೊಡೆದ ಹಾಗೆ. ಹೆರಿಗೆಗೆ ಕರೆಯುವವರು ಕಡಿಮೆಯಾದರು. ಬಾವಿಯ ಹತ್ತಿರ ಮಾತಾಡುತ್ತಿದ್ದವರು ನಾನು ಹೋದರೆ ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ಹಾಲು ಕುಡಿದರೆ ಹೊಟ್ಟೆ ಕೆಟ್ಟು ಕೆಲಸ ಹೋಗುತ್ತದೆ, ಕುಡಿಯದಿದ್ದರೆ ಊರೇ ಕೆಲಸ ಕೊಡುವುದಿಲ್ಲ. ಅತ್ತ ದರಿ ಇತ್ತ ಪುಲಿ ಎನ್ನುವುದು ನನಗೇ ಹೇಳಿದ ಮಾತಿನಂತಿತ್ತು.

ಅಷ್ಟರಲ್ಲಿ ಪಿಳ್ಳಮ್ಮನ ಮಗಳು ರತ್ನ ಹೆರಿಗೆಗೆ ಬಂದಳು. ಗೋಡೆ ಪಕ್ಕದವಳಾದ್ದರಿಂದ ನನ್ನನ್ನು ಕರೆಯದೆ ವಿಧಿಯಿರಲಿಲ್ಲ. ಮಗು ಅಡ್ಡವಾಗಿತ್ತು, ಹೊಟ್ಟೆಯ ಮೇಲಿನಿಂದಲೇ ಒತ್ತಿ ತಿರುಗಿಸಿದೆ, ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನ ಇಳಿದ ಮೇಲೆ ಮುಗಿಯಿತು. ಹೆಣ್ಣು ಮಗು, ಗಟ್ಟಿಯಾಗಿ ಅತ್ತಿತು. ನಾನು ಕೈ ತೊಳೆದು ಜಗುಲಿಯ ಕಂಬಕ್ಕೆ ಒರಗಿದೆ. ಪಿಳ್ಳಮ್ಮ ಕಣ್ಣೊರೆಸಿಕೊಳ್ಳುತ್ತ ಬಂದು ಹಿತ್ತಾಳೆ ಲೋಟ ಮುಂದಿಟ್ಟಳು. ನೆರೆಯ ಹೆಂಗಸರೆಲ್ಲ ಅಂಗಳದಲ್ಲಿ ನಿಂತು ನೋಡುತ್ತಿದ್ದರು.

ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಳಗಿನಿಂದ ಬಸ್ಸಾರಿನ ಒಗ್ಗರಣೆಯ ಘಮ ಬರುತ್ತಿತ್ತು. ಸೊಪ್ಪು, ಕಾಳು ಬೇಯಿಸಿ, ನೀರು ಬಸಿದು, ಆ ನೀರಿನಲ್ಲೇ ಮಾಡುವ ಸಾರು ಅದು. ನನ್ನ ಹೊಟ್ಟೆ ನನ್ನನ್ನು ಕೇಳದೆ ಮಾತಾಡಿತು.

"ಹಾಲು ಬೇಡ ಪಿಳ್ಳಮ್ಮ, ಒಂದು ಮುದ್ದೆ ಕೊಡಿ."

ಪಿಳ್ಳಮ್ಮನ ಮುಖ ಕೆಂಪಾಯಿತು. "ಆಡ್ಕಬ್ಯಾಡಿ ನರ್ಸಮ್ಮ. ಬಡವರಾದ್ರೂ ನಮ್ಗೂ ಮಾನ ಐತೆ."

"ಆಡಿಕೊಳ್ತಿಲ್ಲ" ಎಂದೆ. ಅಲ್ಲಿಯೇ ಎಲ್ಲರೆದುರಿಗೆ ಹೇಳಿಬಿಟ್ಟೆ. ಹೊಟ್ಟೆಯ ಸಂಗತಿ, ಡಾಕ್ಟರ ಮಾತು, ನಿಮ್ಮ ಹಾಲು ಮೈಲಿಗೆಯಲ್ಲ, ನನ್ನ ಕರುಳಿಗೇ ಅದು ಆಗದು ಎಂಬುದು. ಹೇಳುತ್ತ ಹೇಳುತ್ತ ಅಳು ಬಂತು.

"ಎಳೆ ಮಕ್ಳು ಕುಡಿಯೋ ಹಾಲು ಆಗಾಕಿಲ್ವಾ?" ಪಿಳ್ಳಮ್ಮ ನಂಬಲಾರದೆ ಕೇಳಿದಳು. "ಅಯ್ಯೋ ಶಿವ್ನೆ. ಮತ್ತೆ ಇಷ್ಟ್ ದಿನ ಯಾಕ್ ಬಾಯ್ ಬಿಡ್ಲಿಲ್ಲ?" ಆಮೇಲೆ ದನಿ ತಗ್ಗಿಸಿದಳು. "ಅಂಗಂತ ನಮ್ಮನೆ ಮುದ್ದೆ ಹೆಂಗ್ ಕೊಡ್ಲಿ? ಕೋಳಿ ಬೇಯ್ಸೋ ಮಡ್ಕೆ ಕಣಮ್ಮ. ಊರೋರು ಏನಂದಾರು? ನಿಮ್ ಮನೆಯೋರು ಏನಂದಾರು?"

"ಊರವರಿಗೆ ನೀವು ಹೇಳಿ. ನಮ್ಮವರಿಗೆ ನಾನು ಹೇಳ್ತೀನಿ."

ಆ ದಿನ ಅವಳು ಮುದ್ದೆ ಕೊಡಲಿಲ್ಲ. ಸುಟ್ಟ ಗೆಣಸು ತಂದಿಟ್ಟಳು, ಸುಟ್ಟದ್ದಕ್ಕೆ ಮಡಕೆಯ ದೋಷವಿಲ್ಲ ಎಂದು. ಮುಂದಿನ ಸಂತೆಗೆ ದೊಡ್ಡಬಳ್ಳಾಪುರಕ್ಕೆ ಹೋಗಿ ಹೊಸ ಮಡಕೆ ತಂದು, ಅದಕ್ಕೆ ಸುಣ್ಣದ ಬೊಟ್ಟಿಟ್ಟು ಒಲೆಯ ಮೂಲೆಯಲ್ಲಿ ಬೇರೆ ಇಟ್ಟಳು. ಅದು ನನ್ನ ಮಡಕೆ. ಅದರಲ್ಲಿ ತೊಳಸಿದ ಮೊದಲ ಮುದ್ದೆಯನ್ನು ನಾನು ರೊಟ್ಟಿಯ ಹಾಗೆ ಅಗಿದೆ. ಹಲ್ಲಿಗೆಲ್ಲ ಮೆತ್ತಿಕೊಂಡಿತು. "ಅಗೀಬ್ಯಾಡ್ದು ಕಣಮ್ಮ, ಸಾರ್ನಾಗೆ ಅದ್ದಿ ನುಂಗ್ಬೇಕು. ಹಲ್ಲಿಗೇನ್ ಕೆಲ್ಸ?" ಎಂದು ಪಿಳ್ಳಮ್ಮ ತಾನೇ ನುಂಗಿ ತೋರಿಸಿದಳು. ನನಗೆ ಬಿಕ್ಕಳಿಕೆ ಬಂದು, ಬಾಣಂತಿ ರತ್ನ ಹೊಟ್ಟೆ ಹಿಡಿದು ನಕ್ಕಳು.

ಊರವರಿಗೆ ಹೇಳುವ ಕೆಲಸವನ್ನು ಪಿಳ್ಳಮ್ಮ ಚೆನ್ನಾಗಿಯೇ ಮಾಡಿದಳು. ಆ ದನಿಗೆ ಅದೇನು ದೊಡ್ಡದಲ್ಲ. ಹೋದ ಮನೆಯಲ್ಲೆಲ್ಲ ನನಗಾಗಿ ಬೇರೆ ಮಡಕೆಯಲ್ಲಿ ಏನಾದರೂ ಬೇಯುತ್ತಿತ್ತು, ಹುರುಳಿ, ಕಡಲೆಕಾಯಿ, ಹಿತ್ತಲ ಸೊಪ್ಪು. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ. ಒಂದು ಮನೆಯಲ್ಲಿ ಹುಚ್ಚೆಳ್ಳು ಚಟ್ನಿ ಎಂದು ಕೊಟ್ಟರು, ಬಾಯಿಗಿಟ್ಟರೆ ನಮ್ಮ ಗುರೆಳ್ಳು! ಅದೇ ಕರಿ ಬೀಜ, ಅದೇ ಕಮ್ಮನೆಯ ಎಣ್ಣೆ. ಪರದೇಶದಲ್ಲಿ ನೆಂಟರು ಸಿಕ್ಕಷ್ಟು ಸಂತೋಷವಾಯಿತು, ನಾಚಿಕೆ ಬಿಟ್ಟು ಎರಡನೇ ಸಲ ಹಾಕಿಸಿಕೊಂಡೆ.

ಹೊಟ್ಟೆ ಒಮ್ಮೆಲೇ ಸರಿಹೋಗಲಿಲ್ಲ. ನಿಧಾನವಾಗಿ, ಹಿಂದೆ ಮುಂದೆ ಮಾಡಿಕೊಂಡು ಸರಿಹೋಯಿತು. ಬಳೆಗಳು ಕೈಯಲ್ಲಿ ನಿಂತವು. ನನ್ನ ಮಡಕೆಯ ಬಾಯಿ ಒಡೆದ ದಿನ ಪಿಳ್ಳಮ್ಮ ಮತ್ತೆ ಸಂತೆಗೆ ಹೊರಟಳು. "ಬಿಡಿ, ನಿಮ್ಮದರಲ್ಲೇ ಇನ್ನೊಂದು ಹಿಡಿ ಹಿಟ್ಟು ಹೆಚ್ಚಿಗೆ ಹಾಕಿ" ಎಂದೆ. ಹೊರಟವಳು ಚೀಲ ಕೆಳಗಿಟ್ಟಳು. ಆಮೇಲೆ ನನ್ನ ತಟ್ಟೆಯನ್ನು ತನ್ನ ತಟ್ಟೆಯ ಪಕ್ಕಕ್ಕೆ ಎಳೆದುಕೊಂಡು, "ಉಣ್ಣವ್ವ" ಎಂದಳು. ಅಲ್ಲಿಯವರೆಗೆ ನಾನು ಅವಳಿಗೆ ನರ್ಸಮ್ಮನಾಗಿದ್ದೆ.

ಆ ವರ್ಷ ರಜೆಗೆ ಊರಿಗೆ ಹೋದೆ. ಅವ್ವ ಗೋಧಿ ಹುಗ್ಗಿ ಮಾಡಿ, ಮೇಲೆ ಹಾಲು ತುಪ್ಪ ಸುರಿದು ಕಾಯುತ್ತಿದ್ದಳು. ತಿನ್ನಲಾರೆ ಎಂದೆ. ಅತ್ತಿಗೆ ಕೇಳಿದಳು, "ಮತ್ತ ಅಲ್ಲೆ ಏನು ಉಣ್ತೀರಿ? ಯಾರ ಮನ್ಯಾಗ ಉಣ್ತೀರಿ?" ಸುಳ್ಳು ಹೇಳಬಹುದಿತ್ತು. ನಮ್ಮವರಿಗೆ ನಾನು ಹೇಳುತ್ತೇನೆಂದು ಮಾತು ಕೊಟ್ಟು ಬಂದಿದ್ದೆ. ಹೇಳಿದೆ, ಮಡಕೆ ಒಡೆದದ್ದೂ ಸೇರಿಸಿ.

ಅಣ್ಣ ಎದ್ದು ಹೊರಗೆ ಹೋದ. ಅತ್ತಿಗೆ ಜಗಳವಾಡಲಿಲ್ಲ, ಒಳ್ಳೆಯವಳೇ. ನನ್ನ ತಾಟನ್ನು ಮಾತ್ರ ಅಡುಗೆಮನೆಯಲ್ಲಿ ಹಾಕದೆ ಪಡಸಾಲೆಯ ಮೂಲೆಯಲ್ಲಿ ಹಾಕಿದಳು. ಬಿಳಿಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಎಷ್ಟು ದಿನ ಕನಸು ಕಂಡಿದ್ದ ರೊಟ್ಟಿ! ಮುರಿದ ತುಂಡನ್ನು ಮತ್ತೆ ತಾಟಿಗೇ ಇಟ್ಟೆ. ಹುಟ್ಟಿದ ಮನೆಯಲ್ಲಿ ಹೀಗೆ ಮೂಲೆಯಲ್ಲಿ ಕೂತು ಉಣ್ಣುವ ದುಃಖ ಯಾರಿಗೂ ಬೇಡ.

ಒಳಗೆ ಕೂತಿದ್ದ ಅವ್ವ ಎದ್ದಳು. ತನ್ನ ತಾಟನ್ನು ಎತ್ತಿಕೊಂಡು, ಗೋಡೆ ಹಿಡಿದು ನಿಧಾನಕ್ಕೆ ಪಡಸಾಲೆಗೆ ಬಂದು ನನ್ನೆದುರು ಕೂತಳು. ತನ್ನ ರೊಟ್ಟಿ ಮುರಿದಳು. ನನ್ನ ತಾಟಿನ ಪಲ್ಯಕ್ಕೇ ಕೈ ಹಾಕಿ ಹಚ್ಚಿಕೊಂಡಳು.

"ಆ ಊರಾಗ ನೀ ಹಿಂಗ ಒಬ್ಬಾಕೀನ ಕುಂತು ಉಣ್ತಿ ಏನವಾ?"

"ಇಲ್ಲವ್ವ. ಅಲ್ಲೆ ನನ್ನ ಒಬ್ಬಾಕಿನ್ನ ಉಣ್ಣಾಕ ಯಾರೂ ಬಿಡೂದಿಲ್ಲ."

ನಾನು ಕೆಲಸಕ್ಕೆ ಹೊರಟ ದಿನ ಎತ್ತಿನ ಗಾಡಿಯ ಹಿಂದೆ ಅಳುತ್ತ ಬಂದವಳು ಅವ್ವನೇ. ವಾಪಸು ಬಂದುಬಿಡು ಎಂದು ಹಾದಿಯುದ್ದಕ್ಕೂ ಹೇಳಿದವಳೂ ಅವಳೇ.

"ಹಂಗಾದ್ರ ಲಗೂನ ಹೋಗು" ಎಂದಳು. ಹೇಳಿ, ತನ್ನ ತಾಟಿನಲ್ಲಿದ್ದ ಇನ್ನೊಂದು ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು.