ಕೆಳಗಿನ ಹಲಗೆಯ ಶುಂಠಿ

ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ನಮ್ಮ ಸೊರಬದ ಮನೆಯ ನೆಲಮಾಳಿಗೆ. ಹಾಜರಿದ್ದವರು ನಾನು, ನಮ್ಮ ಯಜಮಾನರು, ಆನವಟ್ಟಿಯಿಂದ ಬೈಕಿನಲ್ಲಿ ಬಂದ ಬಡಗಿ ಸಾಹೇಬರು. ನಾನು ಹಾಸ್ಟೆಲ್ ವಾರ್ಡನ್ ಆಗಿದ್ದವಳು. ಹಾಜರಿ ತೆಗೆದುಕೊಳ್ಳದೆ ಕೆಲಸ ಶುರುಮಾಡಿ ಗೊತ್ತಿಲ್ಲ.

ಗೋಡೆಗೆ ಮೂರು ಹಲಗೆ ಕೂರಿಸಬೇಕಿತ್ತು. ಕುಂಬಳಕಾಯಿ, ಸುವರ್ಣಗೆಡ್ಡೆ, ಬಿತ್ತನೆ ಶುಂಠಿ, ಒಂದೊಂದಕ್ಕೆ ಒಂದೊಂದು. ಶುಂಠಿ ತೀರ ಕೆಳಗೆ ಎಂದು ಮೊದಲೇ ತೀರ್ಮಾನಿಸಿದ್ದೆ. ಅಲ್ಲಿ ತಂಪು ಹೆಚ್ಚು ಎಂದು ಸಾಹೇಬರಿಗೆ ಕಾರಣ ಕೊಟ್ಟೆ. ಸುಳ್ಳೇನಲ್ಲ. ಆದರೆ ನಿಜವಾದ ಕಾರಣ ಯಜಮಾನರ ಮಂಡಿನೋವು, ಅವರಿಗೆ ಬಗ್ಗಲಾಗುವುದಿಲ್ಲ. ಮನೆಗೆ ಬಂದವರು ಶುಂಠಿಯನ್ನು ಹೊಗಳಿದರೆ ಸಾಕು, ಇವರು ಕೊಟ್ಟು ಕಳಿಸಲು ಚೀಲ ಹುಡುಕುತ್ತಾರೆ. ಹೋದ ವರ್ಷ ಹೀಗೇ ಹಂಚಿ ಹಂಚಿ, ನೆಡುವ ಹೊತ್ತಿಗೆ ಬೀಜ ಸಾಲದೆ ಅರ್ಧ ಹೊಲ ಖಾಲಿ ಬಿದ್ದಿತ್ತು. ಈ ವರ್ಷ ಹಾಗಾಗಕೂಡದು.

ಯಜಮಾನರಿಗೆ ಸಂಶಯ ಬಂತು. ಕುಂಬಳಕಾಯಿ ಭಾರ, ಅದೇ ಕೆಳಗಿರಲಿ ಎಂದು ವಾದಿಸಿದರು. ಸಾಹೇಬರು ಇಬ್ಬರ ಮುಖವನ್ನೂ ನೋಡಿ, "ಅಮ್ಮಾರು ಹೇಳ್ದಂಗೇ ಹೊಡೀತೀನ್ರಿ. ಊಟ ಬಡ್ಸೋರು ಅವ್ರಲ್ವಾ" ಎಂದರು.

ಹಲಗೆಗಳು ಕೂತ ಮೇಲೆ, ಜಾಗ ಸಾಕೇ ಎಂದು ನೋಡಲು ಒಂದು ಬುಟ್ಟಿ ಶುಂಠಿಯನ್ನು ಕೆಳಗಿನದರ ಮೇಲಿಟ್ಟು ಚಹಾ ಮಾಡಲು ಹೋದೆ. ಅಷ್ಟರಲ್ಲಿ ಶಿಕಾರಿಪುರದ ಬಸ್ಸಿಳಿದು ನಾದಿನಿಯ ಗಂಡ ಬಂದರು. ಹೊಸ ಹಲಗೆ ತೋರಿಸುವ ನೆಪದಲ್ಲಿ ಯಜಮಾನರು ಅವರನ್ನು ನೇರ ನೆಲಮಾಳಿಗೆಗೆ ಕರೆದೊಯ್ದರು. ನಾನು ಲೋಟ ಹಿಡಿದು ಇಳಿದಾಗ ಹೇಳುತ್ತಿದ್ದರು: "ನಂಗೆ ಬಗ್ಗಕ್ಕಾಗಲ್ಲ ಭಾವ. ನೀವೇ ಕೂತ್ಕಂಡು ಆರಿಸ್ಕಳಿ."

ಇದನ್ನು ನಾನು ಯೋಚಿಸಿರಲಿಲ್ಲ.

"ಅಣ್ಣಾರೆ, ನೆಡಕ್ಕಾ, ಚಹಕ್ಕಾ?" ಎಂದೆ.

"ಚಹಕ್ಕೇ ಕಣಮ್ಮ."

"ಹಂಗಾದ್ರೆ ಕೈ ತೊಳ್ಕಳಿ. ಅದು ಔಷಧಿ ನೀರಿಗೆ ಅದ್ದಿದ್ದು."

ಅವರು ತಟ್ಟನೆ ಕೈಬಿಟ್ಟರು. ಅದ್ದುವ ಕೆಲಸ ಊಟದ ನಂತರದ್ದೆಂದು ಗೊತ್ತಿದ್ದ ಸಾಹೇಬರು ಮೊಳೆ ಎಣಿಸತೊಡಗಿದರು. ಅಣ್ಣನವರ ಹೆಗಲಿಗೆ ದೊಡ್ಡದೊಂದು ಕುಂಬಳಕಾಯಿ ಹೊರಿಸಿ ಕಳಿಸಿಕೊಟ್ಟೆ.

ಆಡಿದ ಮಾತು ನಿಜವಾಗಬೇಕಲ್ಲ. ಅವರು ರಸ್ತೆ ಮುಟ್ಟುವ ಮೊದಲೇ ಔಷಧಿ ಕಲಸಿದೆ. ಬಕೆಟ್ಟನ್ನು ಕಟ್ಟೆಯ ಮೇಲಿಟ್ಟು, ಕೋಲಿನಿಂದ ಕದಡುವ ಕೆಲಸವನ್ನು ಯಜಮಾನರಿಗೆ ವಹಿಸಿದೆ. "ಹಾಸ್ಟೆಲ್ ಹುಡುಗೀರು ನಿನ್ನ ಹೆಂಗ್ ತಡ್ಕಂಡ್ರೋ" ಎಂದರು, ಆದರೂ ಕದಡಿದರು. ನೆರಳಿನಲ್ಲಿ ಆರಿದ ಶುಂಠಿಯನ್ನು ಕೆಳಗಿನ ಹಲಗೆಯ ಮೇಲೆ ಮರಳು ಹಾಸಿ ಜೋಡಿಸಿದೆ. ದೀಪ ಹಚ್ಚುವ ಹೊತ್ತಿಗೆ ಬೇವಿನ ಸೊಪ್ಪು ಮುಚ್ಚಿ ಮೇಲೆ ಬಂದೆ.